ಓಆರ್‌ಎಸ್ ಒಂದು ಲೀಟರಿಗೋ, ಒಂದು ಲೋಟಕ್ಕೋ? ಮೈಯ ನೀರು-ಉಪ್ಪಿನ ಹದ ಕಾಯುವ ಬಗೆ

ಬೇಸಿಗೆ ಶುರುವಾದರೂ ಸಾಕು, ಮೊದಲ ಮಳೆ ಬಿದ್ದರೂ ಸಾಕು, ಅದೇ ಪ್ರಶ್ನೆಗಳು ಬರುತ್ತವೆ. "ಮಗುವಿಗೆ ಬೆಳಿಗ್ಗೆಯಿಂದ ಭೇದಿ, ಎಳನೀರು ಕೊಟ್ಟರೆ ಸಾಕಾ?" "ಓಆರ್‌ಎಸ್ ಕೊಟ್ಟೆವು, ಆದರೂ ನಿಲ್ಲಲಿಲ್ಲ, ಏನು ಮಾಡೋದು?" "ಬಿಸಿಲಲ್ಲಿ ಕೆಲಸ ಮಾಡ್ತೀನಿ, ದಿನಾ ಒಂದು ಪ್ಯಾಕೆಟ್ ಕುಡೀಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. (ಓಆರ್‌ಎಸ್ ಅಂದರೆ ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ.) ಮನೆಯಲ್ಲಿ ಈಗಲೇ ಯಾರಿಗೋ ಭೇದಿ ಆಗುತ್ತಿದ್ದರೆ ನೇರವಾಗಿ 2ನೇ ಹಂತಕ್ಕೆ ಹೋಗಿ. ಹಿನ್ನೆಲೆಯನ್ನು ಆಮೇಲೆ ಓದಿಕೊಳ್ಳಬಹುದು.

ಮೈ ತಾನೇ ಏನು ಮಾಡಿಕೊಳ್ಳುತ್ತದೆ

ದೊಡ್ಡವರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಎಳೆಮಕ್ಕಳಲ್ಲಂತೂ ಮುಕ್ಕಾಲು ಪಾಲು. ಈ ನೀರಿನಲ್ಲಿ ಉಪ್ಪಿದೆ, ಅದಕ್ಕೊಂದು ಲೆಕ್ಕವೂ ಇದೆ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. (ಮಿಲಿಮೋಲ್ ಅಂದರೆ ಕಣಗಳ ಎಣಿಕೆಯ ಅಳತೆ, ಲ್ಯಾಬ್ ರಿಪೋರ್ಟಿನಲ್ಲಿ ನೋಡಿರುತ್ತೀರಿ.) ನೀವು ಬೆಳಿಗ್ಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣಿ, ಮಧ್ಯಾಹ್ನ ಎರಡು ಚೊಂಬು ನೀರು ಕುಡಿಯಿರಿ, ಆ ಸಂಖ್ಯೆ ಅಷ್ಟಾಗಿ ಅಲ್ಲಾಡುವುದಿಲ್ಲ. ಒಳಗಿನ ಹದವನ್ನು ಹೀಗೆ ಕಾಯ್ದುಕೊಳ್ಳುವುದಕ್ಕೆ ಹೋಮಿಯೋಸ್ಟಾಸಿಸ್ ಎನ್ನುತ್ತಾರೆ. 1926ರಲ್ಲಿ ಈ ಹೆಸರಿಟ್ಟವರು ಅಮೆರಿಕದ ವಾಲ್ಟರ್ ಕ್ಯಾನನ್.

ಕಾವಲುಗಾರ ಇರುವುದು ಮೆದುಳಿನ ಬುಡದಲ್ಲಿ. ಅದರ ಹೆಸರು ಹೈಪೋಥಲಾಮಸ್. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಅದಕ್ಕೆ ಗೊತ್ತಾಗುತ್ತದೆ. ಆಗ ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೆ ಎಡಿಎಚ್ ಎಂಬ ಹಾರ್ಮೋನಿನ ಮೂಲಕ ಕಿಡ್ನಿಗಳಿಗೆ "ನೀರು ಬಿಡಬೇಡ" ಎಂದು ಹೇಳಿ ಕಳಿಸುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಬಿಸಿಲಲ್ಲಿ ಓಡಾಡಿ ಬಂದ ದಿನ ಮೂತ್ರ ಕಮ್ಮಿ, ಬಣ್ಣ ಗಾಢ ಅಲ್ವಾ? ಅದು ಇದೇ ಉಳಿತಾಯ.

ಕರುಳಿನದು ಇನ್ನೊಂದು ದೊಡ್ಡ ಲೆಕ್ಕ. ನಾವು ಕುಡಿದದ್ದು ಎರಡು ಲೀಟರ್, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ಇನ್ನೊಂದು ಏಳು ಲೀಟರ್: ದಿನಕ್ಕೆ ಎಂಟೊಂಬತ್ತು ಲೀಟರ್ ಕರುಳಿಗಿಳಿಯುತ್ತದೆ. ಹೆಚ್ಚೂಕಮ್ಮಿ ಎಲ್ಲವನ್ನೂ ಕರುಳು ವಾಪಸ್ ಹೀರಿಕೊಂಡು, ಒಂದು ಸಣ್ಣ ಲೋಟದಷ್ಟನ್ನು ಮಾತ್ರ ಮಲದಲ್ಲಿ ಬಿಡುತ್ತದೆ. ಭೇದಿ ಅಂದರೆ ಈ ವಾಪಸಾತಿ ಕೆಟ್ಟು ಹೋಗುವುದು. ಕಾಲರಾದಂಥ ರೋಗದಲ್ಲಿ ಕರುಳೇ ನಲ್ಲಿ ಬಿಟ್ಟ ಹಾಗೆ ನೀರು ಸುರಿಯತೊಡಗುತ್ತದೆ.

ಆದರೂ ಒಂದು ಬಾಗಿಲು ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಕರುಳಿನ ಗೋಡೆ ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಬರೀ ನೀರು ಕುಡಿದರೆ ಈ ಬಾಗಿಲು ಅಷ್ಟಾಗಿ ತೆರೆಯದು. ಬರೀ ಉಪ್ಪುನೀರಿಗೂ ಅಷ್ಟೇ. ಓಆರ್‌ಎಸ್ ನಿಂತಿರುವುದು ಈ ಒಂದು ವಿಷಯದ ಮೇಲೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಏನೇನು ಬೇಕು

ಓಆರ್‌ಎಸ್ ಪ್ಯಾಕೆಟ್ ಎರಡೋ ಮೂರೋ ಮನೆಯಲ್ಲಿ ಸದಾ ಇರಲಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತು ಆಶಾ ಕಾರ್ಯಕರ್ತೆಯರ ಬಳಿ ಉಚಿತ. ಒಂದು ಲೀಟರ್ ಹಿಡಿಯುತ್ತದೆ ಎಂದು ಖಚಿತವಾಗಿ ಗೊತ್ತಿರುವ ಬಾಟಲಿ. ಮುಚ್ಚಳ ಇರುವ ಪಾತ್ರೆ. ಟೀ ಚಮಚ, ಲೋಟ. ಕುದಿಸಿ ಆರಿಸಿದ ನೀರು, ಇಲ್ಲವೇ ಫಿಲ್ಟರ್ ನೀರು. ಇಷ್ಟೇ.

1. ಏನು ಹೋಗುತ್ತಿದೆ ಎಂದು ಮೊದಲು ನೋಡಿ

ಭೇದಿ-ವಾಂತಿಯಲ್ಲಿ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೋಗುತ್ತವೆ. ಇಲ್ಲಿ ಓಆರ್‌ಎಸ್ ಬೇಕೇ ಬೇಕು, ಮೊದಲ ಭೇದಿಯಿಂದಲೇ. "ಸಂಜೆವರೆಗೂ ನೋಡೋಣ" ಎಂದು ಕಾಯಬೇಡಿ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ನೀರು, ಸ್ವಲ್ಪ ಉಪ್ಪು. ಅದಕ್ಕೆ ಊಟ, ಮಜ್ಜಿಗೆ, ನೀರು ಸಾಕಾಗುವುದೇ ಹೆಚ್ಚು. ಅದನ್ನು 7ನೇ ಹಂತದಲ್ಲಿ ಹೇಳಿದ್ದೇನೆ.

2. ಪ್ಯಾಕೆಟ್ ತಿರುಗಿಸಿ ಓದಿ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವ ಜಾಗ ಇದೇ, ಆದ್ದರಿಂದ ನಿಧಾನವಾಗಿ ಓದಿ. ಪ್ಯಾಕೆಟ್ಟುಗಳಲ್ಲಿ ಎರಡು ಅಳತೆ ಇವೆ. ದೊಡ್ಡದು ಸುಮಾರು 20 ಗ್ರಾಂ ಮೇಲ್ಪಟ್ಟು, ಅದು ಒಂದು ಲೀಟರಿಗೆ. ಚಿಕ್ಕದು ನಾಲ್ಕು ಗ್ರಾಂ ಚಿಲ್ಲರೆ, ಅದು 200 ಮಿಲಿಲೀಟರಿಗೆ, ಅಂದರೆ ಒಂದು ಲೋಟಕ್ಕೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿತ್ತು. ಮಗು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ಉಗುಳಿತು, ಸದ್ಯ.

ಗಟ್ಟಿಯಾದರೆ ಏನಾಗುತ್ತದೆ? ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮಾರನೇ ದಿನ ಹೋಳು ಮುದುಡಿ, ಸುತ್ತಲೂ ನೀರು ಬಿಟ್ಟಿರುತ್ತದೆ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಎಳೆದುಕೊಂಡು ಹೋಗುವುದು ಹೀಗೆ. ಕರುಳಿನಲ್ಲೂ ಇದೇ ಕತೆ. ಮೈಯಿಂದ ನೀರು ಕರುಳಿಗೇ ಇಳಿದು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರಿದರೆ ಮೆದುಳಿಗೇ ಅಪಾಯ. ಎಳೆಮಕ್ಕಳಿಗೆ ಈ ತಪ್ಪು ತೀರಾ ದುಬಾರಿ.

ಸಕ್ಕರೆ ಜಾಸ್ತಿಯಾದರೂ ಅದೇ ಪಾಡು. ಅದಕ್ಕೇ ಜ್ಯೂಸ್, ಕೂಲ್‌ಡ್ರಿಂಕ್ಸ್, ಗ್ಲೂಕೋಸ್ ಪೌಡರ್ ಯಾವುದೂ ಓಆರ್‌ಎಸ್ ಬದಲಿಗೆ ಬರುವುದಿಲ್ಲ. ಬಣ್ಣದ ಟೆಟ್ರಾಪ್ಯಾಕ್ ಮೇಲೆ ಹೆಸರಿನಲ್ಲೇ ಓಆರ್‌ಎಸ್ ಎಂದು ಬರೆದುಕೊಂಡು ಸಿಹಿ ಪಾನೀಯಗಳು ಬಹಳ ಕಾಲ ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಪದ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹೆಸರು ನೋಡಿ ಕೊಳ್ಳಬೇಡಿ, ಹಿಂಬದಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಇಷ್ಟಿರಬೇಕು: ಸೋಡಿಯಂ ಕ್ಲೋರೈಡ್ ಅಂದರೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಿಟ್ರೇಟ್ ಇರುವುದು ಭೇದಿಯಿಂದ ರಕ್ತ ಹುಳಿಯಾಗುವುದನ್ನು ತಡೆಯಲು. ಈ ನಾಲ್ಕೂ ಸಂಖ್ಯೆ ಕೂಡಿದರೆ 20.5. ಅಂಗಡಿಯಲ್ಲೇ ಒಮ್ಮೆ ಕೂಡಿ ನೋಡಿ.

3. ಬೆರೆಸುವುದು

ಸೋಪು ಹಾಕಿ ಕೈ ತೊಳೆಯಿರಿ. ಮೊದಲು ನೀರನ್ನು ಅಳೆದು ಪಾತ್ರೆಗೆ ಹಾಕಿ, ಆಮೇಲೆ ಇಡೀ ಪ್ಯಾಕೆಟ್ ಒಂದೇ ಸಲ ಸುರಿದು ಕರಗುವವರೆಗೆ ತಿರುಗಿಸಿ. ಅರ್ಧ ಪ್ಯಾಕೆಟ್ ಈಗ, ಅರ್ಧ ಆಮೇಲೆ ಅನ್ನುವ ಹಾಗಿಲ್ಲ. ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಸಮನಾಗಿ ಬೆರೆತಿರುತ್ತವೆ ಎಂದೇನೂ ಇಲ್ಲ.

ರುಚಿ ನೋಡಿ. ಕಣ್ಣೀರಿನ ಹಾಗೆ ತೆಳುವಾದ ಉಪ್ಪು ಇರಬೇಕು, ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಅಳತೆ ತಪ್ಪಿದೆ, ಚೆಲ್ಲಿ ಹೊಸದಾಗಿ ಮಾಡಿ. ಮಗು ಕುಡಿಯಲಿ ಎಂದು ಸಕ್ಕರೆ, ಜೇನುತುಪ್ಪ, ಹಾಲು, ಜ್ಯೂಸ್ ಏನನ್ನೂ ಸೇರಿಸಬೇಡಿ. ಬೆರೆಸಿದ ಮೇಲೆ ಕಾಯಿಸಲೂ ಬೇಡಿ. ಮುಚ್ಚಿಡಿ, 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿ.

4. ಪ್ಯಾಕೆಟ್ ಸಿಗದಿದ್ದರೆ

ರಾತ್ರಿ ಎರಡು ಗಂಟೆ, ಊರಿನಲ್ಲಿ ಅಂಗಡಿ ಮುಚ್ಚಿದೆ. ಆಗ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಏಳಬಾರದು, ಚಾಕುವಿನ ಬೆನ್ನಿನಿಂದ ಸವರಿ ಮಟ್ಟಸ ಮಾಡಿ. ಅಡುಗೆಗೆ ಹಾಕುವಂತೆ ಕೈ ಅಂದಾಜು ಇಲ್ಲಿ ಬೇಡ, ಅಮ್ಮನ ಕೈ ಎಷ್ಟೇ ಪಳಗಿದ್ದರೂ.

ಗ್ಲೂಕೋಸ್ 13.5 ಗ್ರಾಂ ಎಂದು ಹೇಳಿ ಈಗ ಆರು ಚಮಚ ಸಕ್ಕರೆ ಯಾಕೆ ಎಂದು ಕೇಳುತ್ತೀರಿ. ಅಡುಗೆಮನೆ ಸಕ್ಕರೆಯಲ್ಲಿ ಅರ್ಧ ಮಾತ್ರ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್ ಎಂಬ ಬೇರೆ ಸಕ್ಕರೆ. ಆದ್ದರಿಂದ ಎರಡರಷ್ಟು ಬೇಕು. ಮನೆಯ ಈ ನೀರಿನಲ್ಲಿ ಪೊಟ್ಯಾಸಿಯಂ, ಸಿಟ್ರೇಟ್ ಇರುವುದಿಲ್ಲ, ಹಾಗಾಗಿ ಬೆಳಗಾದ ಕೂಡಲೇ ಪ್ಯಾಕೆಟ್ ತನ್ನಿ. ತಿನ್ನುವ ಸ್ಥಿತಿಯಲ್ಲಿದ್ದರೆ ಬಾಳೆಹಣ್ಣು ಕೊಡಿ, ಅದರಲ್ಲಿ ಪೊಟ್ಯಾಸಿಯಂ ಇದೆ.

ಎಳನೀರಿನ ಪ್ರಶ್ನೆಗೂ ಇಲ್ಲೇ ಉತ್ತರ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಹಳ ಕಮ್ಮಿ. ಭೇದಿಯಲ್ಲಿ ಮುಖ್ಯವಾಗಿ ತುಂಬಬೇಕಾದ್ದು ಸೋಡಿಯಂ. ಓಆರ್‌ಎಸ್ ಜೊತೆಗೆ ಕುಡಿಯಲಿ, ತೊಂದರೆ ಇಲ್ಲ, ಬದಲಿಗೆ ಮಾತ್ರ ಬೇಡ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ಅವರ ಮೈಯಲ್ಲಿ ಪೊಟ್ಯಾಸಿಯಂ ಹೊರಹೋಗದೆ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಉಪ್ಪು ಹಾಕಿದ ಗಂಜಿ ತಿಳಿ ಮತ್ತು ಮಜ್ಜಿಗೆ ಎಳನೀರಿಗಿಂತ ಉತ್ತಮ ಆಸರೆ.

5. ಕುಡಿಸುವುದು

ಪ್ರತಿ ಸಲ ನೀರಾಗಿ ಭೇದಿಯಾದ ಮೇಲೆ: ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅಂದರೆ ಲೋಟದ ಕಾಲು ಭಾಗದಿಂದ ಅರ್ಧ. ಎರಡರಿಂದ ಹತ್ತು ವರ್ಷದವರಿಗೆ ಅರ್ಧ ಲೋಟದಿಂದ ಒಂದು ಲೋಟ. ದೊಡ್ಡವರು ಬೇಕೆನಿಸಿದಷ್ಟು.

ಚಿಕ್ಕ ಮಗುವಿಗೆ ಚಮಚದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕೊಡಿ. ಬಾಟಲಿ ಬಾಯಿಗಿಟ್ಟು ಗಟಗಟ ಕುಡಿಸಿದರೆ ವಾಂತಿ ಖಂಡಿತ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ. "ಕುಡಿದದ್ದೆಲ್ಲ ವಾಂತಿ ಆಗ್ತಿದೆ" ಎಂದು ಹೇಳುವವರು ಬಹಳ ಜನ, ಚಮಚ ಹಿಡಿದು ಒಂದು ಗಂಟೆ ಕೂತರೆ ಬಹುಪಾಲು ಒಳಗೇ ಉಳಿದಿರುತ್ತದೆ. ಬೇಸರದ ಕೆಲಸ, ನಿಜ. ಮನೆಯವರು ಸರದಿಯಲ್ಲಿ ಕೂತುಕೊಳ್ಳಿ.

ತಾಯಿಹಾಲು ನಿಲ್ಲಿಸಬೇಡಿ. ಊಟವೂ ನಡೆಯಲಿ: ಮೆತ್ತಗಿನ ಅನ್ನ, ಮೊಸರು, ಇಡ್ಲಿ, ಬೇಳೆಕಟ್ಟು. "ಹೊಟ್ಟೆಗೆ ರೆಸ್ಟ್ ಕೊಡಿ" ಎಂದು ಮಗುವನ್ನು ಉಪವಾಸ ಕೆಡವುವುದು ಹಳೆಯ ತಪ್ಪು. ಮಕ್ಕಳಿಗೆ ಝಿಂಕ್ ಮಾತ್ರೆಯೂ ಬೇಕು, ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ 20, ಒಟ್ಟು 14 ದಿನ. ಭೇದಿ ನಿಂತಿತೆಂದು ಮೂರೇ ದಿನಕ್ಕೆ ಬಿಡಬೇಡಿ.

ಇನ್ನು "ಓಆರ್‌ಎಸ್ ಕೊಟ್ಟರೂ ನಿಲ್ಲಲಿಲ್ಲ" ಅನ್ನುವ ದೂರು. ನಿಲ್ಲಿಸುವುದು ಅದರ ಕೆಲಸ ಅಲ್ಲವೇ ಅಲ್ಲ. ಹೋದದ್ದನ್ನು ತುಂಬಿಕೊಡುತ್ತದೆ, ಅಷ್ಟರಲ್ಲಿ ಕರುಳು ತಾನೇ ಸರಿಹೋಗುತ್ತದೆ. ಭೇದಿ ಕಟ್ಟಿಹಾಕುವ ಮಾತ್ರೆಯನ್ನು ಮಕ್ಕಳಿಗೆ ಸುಮ್ನೆ ತಂದು ಕೊಡಬೇಡಿ.

6. ಸಾಕಾಗುತ್ತಿದೆಯೇ ಎಂದು ನೋಡುವುದು

ಮೂತ್ರವೇ ಮೊದಲ ಸಾಕ್ಷಿ. ಮೂರ್ನಾಲ್ಕು ಗಂಟೆಗೊಮ್ಮೆ ಹೋಗುತ್ತಿದ್ದು ಬಣ್ಣ ಎಳೆ ಹಳದಿ ಇದ್ದರೆ ಲೆಕ್ಕ ಸರಿಯಾಗಿದೆ. (ಬಿ-ಕಾಂಪ್ಲೆಕ್ಸ್ ಮಾತ್ರೆ ತಿಂದವರ ಮೂತ್ರ ಹೇಗೂ ಹಳದಿ, ಅದನ್ನು ನೋಡಿ ಗಾಬರಿಯಾಗಬೇಡಿ.) ಮಗುವಿನ ಹೊಟ್ಟೆಯ ಚರ್ಮವನ್ನು ಹೊಕ್ಕುಳ ಪಕ್ಕ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ತಟ್ಟನೆ ಸಮನಾಗಬೇಕು. ಮಡಿಕೆ ಹಾಗೇ ಎರಡು ಸೆಕೆಂಡಿಗಿಂತ ಜಾಸ್ತಿ ನಿಂತರೆ ನೀರು ಬಹಳ ಹೋಗಿದೆ ಎಂದರ್ಥ. ಕಣ್ಣು ಒಳಗಿಳಿದಿರುವುದು, ಅತ್ತರೆ ಕಣ್ಣೀರು ಬಾರದಿರುವುದು, ಎಳೆಮಗುವಿನ ನೆತ್ತಿ ಗುಳಿ ಬಿದ್ದಿರುವುದು ಕೂಡ ಅದೇ ಸೂಚನೆ.

ವಯಸ್ಸಾದವರ ವಿಷಯದಲ್ಲಿ ಬಾಯಾರಿಕೆಯನ್ನು ನಂಬಬೇಡಿ. ವಯಸ್ಸಾದಂತೆ ಆ ಕಾವಲುಗಾರ ಮಂಕಾಗುತ್ತಾನೆ. ಅಜ್ಜಿ "ನನಗೇನೂ ದಾಹ ಇಲ್ಲಪ್ಪ" ಎಂದರೂ ಲೋಟ ಕೈಗೆ ಕೊಡಿ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುತ್ತಿದ್ದರೆ, ಭೇದಿ ಇರುವಾಗ ಅದನ್ನು ಮುಂದುವರಿಸಬೇಕೇ ಎಂದು ಅವತ್ತೇ ವೈದ್ಯರಿಗೆ ಫೋನ್ ಮಾಡಿ ಕೇಳಿ.

7. ಬಿಸಿಲಿಗೆ ಬೇರೆ ಲೆಕ್ಕ

ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಮಡಕೆ ಬೆವರುವುದರಿಂದ. ಮೈಯೂ ಹಾಗೆಯೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಆದರೆ ಆರಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ. ಕಲಬುರಗಿಯ ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ. ಆದ್ದರಿಂದ ಎಷ್ಟು ಹೋಯಿತು ಎಂಬ ಅಂದಾಜು ಸಿಗುವುದಿಲ್ಲ. ಮಂಗಳೂರಿನಲ್ಲಿ ತಾಪ ಅಷ್ಟಿಲ್ಲದಿದ್ದರೂ ಅಂಗಿ ಮೈಗಂಟಿಕೊಂಡು ಬೆವರು ಆರುವುದೇ ಇಲ್ಲ. ಅಲ್ಲಿ ನೆರಳಿಗಿಂತಲೂ ಗಾಳಿ ಮುಖ್ಯ.

ಕೆಲಸಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡಿದರೆ ಲೆಕ್ಕ ಸುಲಭ. ಒಂದು ಕಿಲೋ ಇಳಿದಿದ್ದರೆ ಹೆಚ್ಚೂಕಮ್ಮಿ ಒಂದು ಲೀಟರ್ ಹೋಗಿದೆ. ಅರ್ಧ ಗಂಟೆಗೊಮ್ಮೆ ಒಂದು ಲೋಟದಂತೆ ಕುಡಿಯಿರಿ. ಊಟಕ್ಕೆ ಉಪ್ಪು ಹಾಕಿದ ಮಜ್ಜಿಗೆಯೋ ರಾಗಿ ಅಂಬಲಿಯೋ ಇದ್ದರೆ ಉಪ್ಪಿನ ಚಿಂತೆ ಬೇಡ. ಬಿಸಿಲಿಗೆ ಹೊಸಬರಾದರೆ ಮೊದಲ ಒಂದೆರಡು ವಾರ ಕೆಲಸ ಕಮ್ಮಿ ಇಟ್ಟುಕೊಳ್ಳಿ. ಅಷ್ಟು ದಿನದಲ್ಲಿ ಮೈ ಬೇಗ ಬೆವರುವುದನ್ನೂ ಬೆವರಿನಲ್ಲಿ ಉಪ್ಪು ಉಳಿಸುವುದನ್ನೂ ಕಲಿತುಕೊಳ್ಳುತ್ತದೆ.

ದಿನಾ ಓಆರ್‌ಎಸ್ ಕುಡಿಯಬಹುದಾ? ಬೇಡ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇದೆ. ದೊಡ್ಡವರಿಗೆ ದಿನಕ್ಕೆ 2 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದ ಉಪ್ಪು ಬೇರೆ ಇದೆ ಅಲ್ವಾ? ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಂತೂ ಕೇಳದೆ ಮುಟ್ಟಬೇಡಿ. ದಿನವಿಡೀ ಬೆವರು ಸುರಿದು ಮೀನಖಂಡ ಹಿಡಿದುಕೊಂಡ ದಿನ ಕುಡಿಯಿರಿ, ಸಾಕು.

ತದ್ವಿರುದ್ಧ ತಪ್ಪೂ ಇದೆ. ಒಂದೇ ಸಮ ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಳ್ಳುವುದು. ಕಿಡ್ನಿಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ಹೊರಹಾಕಬಲ್ಲವು. ಅದನ್ನು ಮೀರಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ ಓಟಗಾರರಲ್ಲಿ ನೂರಕ್ಕೆ ಹದಿಮೂರು ಮಂದಿಗೆ ಸೋಡಿಯಂ ಕಮ್ಮಿಯಾಗಿತ್ತು, ಓಡುತ್ತಾ ತೂಕ ಇಳಿಯುವ ಬದಲು ಏರಿದವರಲ್ಲೇ ಜಾಸ್ತಿ.

8. ಮನೆಮದ್ದು ನಿಲ್ಲಿಸಿ ಹೊರಡಬೇಕಾದ ಹೊತ್ತು

ಬಿಸಿಲಲ್ಲಿದ್ದವರು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್‌ಸ್ಟ್ರೋಕ್ ಇರಬಹುದು. ಒಳಗಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. 108ಕ್ಕೆ ಫೋನ್ ಮಾಡಿ, ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಾಗಬೇಡಿ, ಕೆಲವರಿಗೆ ಬರುತ್ತಲೇ ಇರುತ್ತದೆ. ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋದೀತು. ಜ್ವರದ ಮಾತ್ರೆಯಿಂದಲೂ ಉಪಯೋಗವಿಲ್ಲ. ಜ್ವರದಲ್ಲಿ ಮೆದುಳೇ ಶಾಖದ ಗುರಿಯನ್ನು ಏರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಇಲ್ಲಿ ಗುರಿ ಸರಿಯಾಗಿಯೇ ಇದೆ, ಮೈಗೆ ಶಾಖ ಹೊರಹಾಕಲು ಆಗುತ್ತಿಲ್ಲ.

ಭೇದಿಯಾದರೆ ಇವುಗಳಲ್ಲಿ ಒಂದೇ ಕಂಡರೂ ಆಸ್ಪತ್ರೆಗೆ ಹೊರಡಿ: ಮಲದಲ್ಲಿ ರಕ್ತ, ಆರು ಗಂಟೆಯಿಂದ ಮೂತ್ರ ಇಲ್ಲ, ಎಬ್ಬಿಸಿದರೂ ಮಂಪರು, ಏನನ್ನೂ ಕುಡಿಯಲಾಗದ ಸ್ಥಿತಿ, ಅಕ್ಕಿ ತೊಳೆದ ನೀರಿನಂಥ ಭೇದಿ ಮೇಲಿಂದ ಮೇಲೆ. ಆರು ತಿಂಗಳೊಳಗಿನ ಕೂಸಾದರೆ ಇಷ್ಟು ಕಾಯದೆ ಮೊದಲೇ ತೋರಿಸಿ. ಪ್ರಜ್ಞೆ ಇದ್ದು ಕುಡಿಯುತ್ತಿದ್ದರೆ ದಾರಿಯಲ್ಲೂ ಚಮಚ ನಿಲ್ಲಿಸಬೇಡಿ. ಯಾವಾಗ ಶುರುವಾಯಿತು, ಎಷ್ಟು ಸಲ ಆಯಿತು, ಕೊನೆಯ ಬಾರಿ ಮೂತ್ರ ಹೋದದ್ದು ಎಷ್ಟು ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓಆರ್‌ಎಸ್‌ನ ಖಾಲಿ ಕವರನ್ನೂ ಜೊತೆಗೆ ಇಟ್ಟುಕೊಳ್ಳಿ, ಯಾವ ಅಳತೆಯದ್ದು ಎಂದು ವೈದ್ಯರು ಕೇಳಬಹುದು.